ಮಾತನಾಡುವ ಗಿಳಿಯನ್ನು ಮನೆಗೆ ತರುವ ಮುನ್ನ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಭಾಗದಲ್ಲಿ ಗಿಳಿ ಅಪರೂಪದ ಹಕ್ಕಿಯಲ್ಲ. ಮೆಕ್ಕೆಜೋಳದ ತೆನೆ ಹಾಲುಗಟ್ಟುವಾಗ ಹಿಂಡು ಹಿಂಡಾಗಿ ಹೊಲಕ್ಕೆ ಇಳಿಯುತ್ತವೆ. ಮರದ ಪೊಟರೆಯಿಂದ ಮರಿ ತಂದು, ಪಂಜರದಲ್ಲಿಟ್ಟು ಮಾತು ಕಲಿಸುವ ರೂಢಿಯೂ ಹಳೆಯದು. ಸಾಕಿದ ಗಿಳಿ 25 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಅಷ್ಟರಲ್ಲಿ ಸಾಕಿದ ಹಿರಿಯರು ತೀರಿಕೊಂಡಿರುತ್ತಾರೆ, ಮಕ್ಕಳು ಬೇರೆ ಊರು ಸೇರಿರುತ್ತಾರೆ. ಆಗ "ಚೆನ್ನಾಗಿ ಮಾತಾಡುವ ಗಿಳಿ, ಜೈನರ ಮನೆಯಾದರೆ ಸುಖವಾಗಿರುತ್ತದೆ, ನೀವೇ ಇಟ್ಟುಕೊಳ್ಳಿ" ಎಂಬ ಮಾತು ಬರುತ್ತದೆ. ಕರುಣೆಯಿಂದ ಒಪ್ಪುವ ಮೊದಲು ಧರ್ಮ ಮತ್ತು ಕಾನೂನು ಎರಡನ್ನೂ ನೋಡಬೇಕು.

ಧರ್ಮ ಏನು ಹೇಳುತ್ತದೆ?
ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಮೊದಲನೆಯದೇ ಬಂಧ, ಅಂದರೆ ಜೀವಿಯನ್ನು ಕಟ್ಟಿಹಾಕುವುದು, ಕೂಡಿಹಾಕುವುದು. ಅಂಗ ಕತ್ತರಿಸುವ ಛೇದವೂ ಅದರಲ್ಲಿದೆ. ಹಾರಿಹೋಗದಂತೆ ಗಿಳಿಯ ರೆಕ್ಕೆ ಕತ್ತರಿಸುವಾಗ ಶ್ರಾವಕರು ಇದನ್ನು ನೆನೆಯಬೇಕು. ಪ್ರೀತಿಯಿಂದ ಹಣ್ಣು ಕೊಟ್ಟರೂ ಪಂಜರ ಪಂಜರವೇ.

ಕಾನೂನು ಏನು?
ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ನಮ್ಮ ಹಸಿರು ಗಿಳಿ, ಹೆಗಲ ಮೇಲೆ ಕೆಂಪು ಮಚ್ಚೆಯ ದೊಡ್ಡ ಗಿಳಿ ಮೊದಲಾದ ದೇಶೀ ಗಿಳಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಇವುಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಣ ಪಡೆಯದೆ ದಾನವಾಗಿ ಕೊಟ್ಟರೂ, ಪಡೆದರೂ ವಿನಾಯಿತಿ ಇಲ್ಲ.

ಆಫ್ರಿಕನ್ ಗ್ರೇ, ಮಕಾವ್‌ನಂಥ ವಿದೇಶಿ ಗಿಳಿಗಳ ವಿಷಯ ಬೇರೆ. 2024ರ ನಿಯಮಗಳಂತೆ ಅವುಗಳನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಕೈ ಬದಲಾದಾಗಲೂ ತಿಳಿಸಬೇಕು. ಆದ್ದರಿಂದ ಕೊಡುವವರ ನೋಂದಣಿ ಪತ್ರ ನೋಡದೆ ಹಕ್ಕಿ ಪಡೆಯಬಾರದು.

ಹಾಗಾದರೆ ಹಾರಿಬಿಡೋಣವೇ?
ಮಹಾವೀರ ಜಯಂತಿಯಂದು ಪಂಜರದ ಬಾಗಿಲು ತೆರೆದರೆ ಪುಣ್ಯ ಎಂದು ಕೆಲವರು ಭಾವಿಸುತ್ತಾರೆ. ಆದರೆ ವರ್ಷಗಟ್ಟಲೆ ಕೂತ ಗಿಳಿಯ ರೆಕ್ಕೆಯಲ್ಲಿ ಬಲವಿರುವುದಿಲ್ಲ. ಆಹಾರ ಹುಡುಕಲು ಬಾರದು, ಬೆಕ್ಕು, ಹದ್ದುಗಳ ಭಯವೂ ತಿಳಿಯದು. ಮನುಷ್ಯರನ್ನೇ ತನ್ನ ಹಿಂಡೆಂದು ನಂಬಿ ಮಾತು ಕಲಿತ ಹಕ್ಕಿ ಅದು. ಹಾಗೆ ಬಿಟ್ಟರೆ ಸಾವಿಗೆ ದೂಡಿದಂತೆ. ಪೇಟೆಯಲ್ಲಿ ದುಡ್ಡು ಕೊಟ್ಟು ಗಿಳಿ ಬಿಡಿಸುವುದೂ ಸರಿಯಲ್ಲ. ಕೊಳ್ಳುವವರಿದ್ದರೆ ಹಿಡಿಯುವವರೂ ಇರುತ್ತಾರೆ.

ಸರಿಯಾದ ದಾರಿ
* ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಅಥವಾ ನಿಮ್ಮ ಭಾಗದ ವಲಯ ಅರಣ್ಯ ಕಚೇರಿಗೆ ತಿಳಿಸಿ.
* ಗಿಳಿ ಹೇಗೆ ಬಂತು, ಎಷ್ಟು ವರ್ಷದಿಂದ ಇದೆ, ಏನು ತಿನ್ನುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಬರೆದುಕೊಡಿ. ಸ್ವೀಕೃತಿ ಪಡೆಯಿರಿ.
* ಭಯವಿದ್ದರೆ ಸಮಾಜದ ಹಿರಿಯರನ್ನೋ ವಕೀಲರನ್ನೋ ಜೊತೆಗೆ ಕರೆದೊಯ್ಯಿರಿ.
* ಒಪ್ಪಿಸುವವರೆಗೆ ಸೀಬೆ, ನೆನೆಸಿದ ಕಡಲೆ, ಹಸಿ ಮೆಣಸಿನಕಾಯಿ, ಶುದ್ಧ ನೀರು ಕೊಡಿ. ಉಪ್ಪು, ಕರಿದ ತಿಂಡಿ, ಚಹಾ, ಚಾಕೊಲೇಟ್ ಬೇಡ. ಹಿಕ್ಕೆ ತೆಗೆಯುವಾಗ ಮೂಗು ಮುಚ್ಚಿಕೊಳ್ಳಿ, ಆಮೇಲೆ ಕೈ ತೊಳೆಯಿರಿ.

ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದಲ್ಲಿ ಸಮಾಜವೇ ನಡೆಸುವ ಪಕ್ಷಿ ಆಸ್ಪತ್ರೆ ಇದೆ. ಗಾಯಗೊಂಡ ಹಕ್ಕಿಗಳಿಗೆ ಅಲ್ಲಿ ಉಚಿತ ಚಿಕಿತ್ಸೆ. ವಾಸಿಯಾಗಿ ಹಾರಬಲ್ಲ ಹಕ್ಕಿಯನ್ನು ಆಕಾಶಕ್ಕೆ ಬಿಡುವುದು ಅಲ್ಲಿನ ಪದ್ಧತಿ. ಜೀವದಯೆಗೆ ಅದು ಒಳ್ಳೆಯ ಮಾದರಿ.

ಮನೆಯ ಮಕ್ಕಳಿಗೆ ಗಿಳಿಯ ಮಾತು ಕೇಳುವ ಆಸೆ ಇರುವುದು ಸಹಜ. ಅಂಗಳದಲ್ಲಿ ಒಂದು ಸೀಬೆ ಗಿಡ ನೆಟ್ಟು, ಮಣ್ಣಿನ ತಟ್ಟೆಯಲ್ಲಿ ನೀರಿಡಲಿ. ಗಿಳಿಗಳು ತಾವಾಗಿ ಬರುತ್ತವೆ, ತಾವಾಗಿ ಹೋಗುತ್ತವೆ.