ಅವಳಿ ಸೋದರಿಯರ ಎಡಗೈ, ಬಲಗೈ

ಟೆನಿಸ್ ಡಬಲ್ಸ್‌ನಲ್ಲಿ ಚೆಂಡು ಯಾರ ಬಳಿ ಬರುತ್ತದೋ ಅವರು ಹೊಡೆದರಾಯಿತು. ಟೇಬಲ್ ಟೆನಿಸ್‌ನಲ್ಲಿ ಹಾಗಲ್ಲ. ಜೋಡಿಯ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಹೊಡೆಯಲೇಬೇಕು. ಸರದಿ ತಪ್ಪಿದರೆ ಪಾಯಿಂಟ್ ಎದುರಾಳಿಗೆ. ಮೇಜಿನ ಅಗಲವೋ ಕೇವಲ 1.525 ಮೀಟರ್. ಇಬ್ಬರೂ ಬಲಗೈಯವರಾದರೆ ಇಬ್ಬರಿಗೂ ಬೇಕಾಗುವುದು ಮೇಜಿನ ಎಡಬದಿಯೇ. ಒಬ್ಬರು ಎಡಗೈಯವರಾದರೆ ಈ ನೂಕುನುಗ್ಗಲು ಬಹುಮಟ್ಟಿಗೆ ತಪ್ಪುತ್ತದೆ.

ಇದಕ್ಕೆ ಹಳೆಯ ನಿದರ್ಶನ ಇಂಗ್ಲೆಂಡಿನ ಅವಳಿ ಸೋದರಿಯರಾದ ರೋಸಲಿಂಡ್ ಮತ್ತು ಡಯಾನ್ ರೋ. ಮುಖ ಒಂದೇ, ಆದರೆ ರೋಸಲಿಂಡ್ ಬಲಗೈ ಆಟಗಾರ್ತಿ, ಡಯಾನ್ ಎಡಗೈ. 1951ರಲ್ಲಿ ವಿಯೆನ್ನಾದಲ್ಲಿ ವಿಶ್ವ ಮಹಿಳಾ ಡಬಲ್ಸ್ ಪ್ರಶಸ್ತಿ ಗೆದ್ದಾಗ ಅವರಿಗೆ ಬರೀ 17 ವರ್ಷ.

ಮರುವರ್ಷ ವಿಶ್ವ ಚಾಂಪಿಯನ್‌ಷಿಪ್ ಮುಂಬಯಿಗೆ ಬಂತು. ಏಷ್ಯಾದಲ್ಲಿ ಈ ಕೂಟ ನಡೆದದ್ದು ಅದೇ ಮೊದಲು. ಮೊದಲ ಬಾರಿ ಕಣಕ್ಕಿಳಿದಿದ್ದ ಜಪಾನಿನ ಶಿಜುಕಿ ನರಹರಾ–ತೋಮಿ ನಿಶಿಮುರಾ ಜೋಡಿ ಫೈನಲ್‌ನಲ್ಲಿ ಅವಳಿಗಳನ್ನು ಮಣಿಸಿತು. 1953ರ ಫೈನಲ್‌ನಲ್ಲೂ ಸೋಲೇ. ಆದರೂ ಸೋದರಿಯರು ಜೋಡಿ ಮುರಿಯಲಿಲ್ಲ. 1954ರಲ್ಲಿ ತವರಿನ ವೆಂಬ್ಲಿಯಲ್ಲಿ ಪ್ರಶಸ್ತಿ ಮರಳಿ ಬಂತು. ಅಂದು ಸೋತವರಲ್ಲಿ ಒಬ್ಬಾಕೆ ಆ್ಯನ್ ಹೇಡನ್. 1969ರಲ್ಲಿ ವಿಂಬಲ್ಡನ್ ಗೆದ್ದ ಆ್ಯನ್ ಜೋನ್ಸ್ ಇವರೇ.

1955ರ ಸೋಲೂ ಸೇರಿ ಸತತ ಐದು ಫೈನಲ್, ಎರಡು ಪ್ರಶಸ್ತಿ. ಡಬಲ್ಸ್ ಜೋಡಿ ಕಟ್ಟುವಾಗ ತರಬೇತುದಾರರು ಇಂದಿಗೂ ಎಡಗೈಯವರನ್ನು ಹುಡುಕುತ್ತಾರೆ. ಹೊಡೆಯುವಷ್ಟೇ ಚುರುಕಾಗಿ ಸರಿದು ಜಾಗ ಬಿಡುವುದೂ ಇಲ್ಲಿ ಆಟವೇ.