ಪೂರ್ವದೋಷವೂ ಅಧಿಕ ಶಿಕ್ಷೆಯೂ: ಮೇಲ್ಮನವಿಯ ವಿಚಾರ

ಒಮ್ಮೆ ಶಿಕ್ಷೆಗೆ ಗುರಿಯಾದವನು ಪುನಃ ಅಪರಾಧವೆಸಗಿದರೆ ಅವನನ್ನು ಹೆಚ್ಚಾಗಿ ದಂಡಿಸಬಹುದೆಂಬುದು ನಮ್ಮ ದಂಡಶಾಸನದ ಹಳೆಯ ತತ್ತ್ವ. ೧೮೬೦ರ ಭಾರತೀಯ ದಂಡಸಂಹಿತೆಯ ೭೫ನೆಯ ಪ್ರಕರಣದಲ್ಲಿದ್ದ ಈ ವಿಧಿಯು, ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೩ನೆಯ ಪ್ರಕರಣದಲ್ಲಿ ಮುಂದುವರಿದಿದೆ. ನಾಣ್ಯ, ನೋಟು, ಸರ್ಕಾರಿ ಸ್ಟಾಂಪು ಇವುಗಳಿಗೂ ಸ್ವತ್ತಿಗೂ ಸಂಬಂಧಿಸಿದ, ಮೂರು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಸೆರೆವಾಸಕ್ಕೆ ಅರ್ಹವಾದ ಅಪರಾಧಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಎರಡನೆಯ ಬಾರಿ ದೋಷಿಯಾದವನಿಗೆ ಹತ್ತು ವರ್ಷಗಳವರೆಗಿನ ಸೆರೆವಾಸವನ್ನಾಗಲಿ ಆಜೀವ ಕಾರಾವಾಸವನ್ನಾಗಲಿ ವಿಧಿಸಬಹುದು.

ಇಂಥ ಶಿಕ್ಷೆಯ ವಿರುದ್ಧ ಮೇಲ್ಮನವಿಯಲ್ಲಿ ಏನನ್ನು ವಾದಿಸಬಹುದು? ದೋಷನಿರ್ಣಯ ಬೇರೆ, ಶಿಕ್ಷೆಯ ಹೆಚ್ಚಳ ಬೇರೆ ಎಂಬುದನ್ನು ಮೊದಲು ಗ್ರಹಿಸಬೇಕು. ಕಳವು ಸಿದ್ಧವಾದ ಮಾತ್ರಕ್ಕೆ ಪೂರ್ವದೋಷವೂ ಸಿದ್ಧವಾದಂತಲ್ಲ.

ಮೊದಲನೆಯದಾಗಿ, ಹೆಚ್ಚಿನ ಶಿಕ್ಷೆಗಾಗಿ ಪೂರ್ವದೋಷವನ್ನು ಅವಲಂಬಿಸುವುದಾದರೆ ಅದರ ಸಂಗತಿ, ದಿನಾಂಕ, ಸ್ಥಳಗಳನ್ನು ದೋಷಾರೋಪಣೆಯಲ್ಲಿ ನಮೂದಿಸಬೇಕು. ಬಿಟ್ಟುಹೋಗಿದ್ದರೆ ಶಿಕ್ಷೆ ವಿಧಿಸುವ ಮುನ್ನ ಸೇರಿಸಬಹುದು; ಅನಂತರವಲ್ಲ. ಎರಡನೆಯದಾಗಿ, ಪ್ರಸ್ತುತ ಅಪರಾಧದ ನಿರ್ಣಯವಾಗುವ ತನಕ ಆ ಭಾಗವನ್ನು ಆಪಾದಿತನಿಗೆ ಓದಿ ಹೇಳಕೂಡದು. ಹಿಂದೆ ಕದ್ದವನು ಈಗಲೂ ಕದ್ದಿರಬೇಕೆಂಬ ಪೂರ್ವಗ್ರಹವು ಸಾಕ್ಷ್ಯದ ಸ್ಥಾನವನ್ನು ಆಕ್ರಮಿಸಬಾರದೆಂಬುದೇ ಇದರ ಆಶಯ. ಮೂರನೆಯದಾಗಿ, ಆಪಾದಿತನು ಒಪ್ಪದಿದ್ದಲ್ಲಿ ಪೂರ್ವದೋಷವನ್ನು ಸಾಧಿಸಿ ತೋರಿಸಬೇಕು. ನ್ಯಾಯಾಲಯದ ದೃಢೀಕೃತ ದಾಖಲೆ ಅಥವಾ ಕಾರಾಗೃಹಾಧಿಕಾರಿಯ ಪ್ರಮಾಣಪತ್ರದೊಡನೆ, ಆ ಕೈದಿಯೇ ಈ ಆಪಾದಿತನೆಂಬುದಕ್ಕೂ ಸಾಕ್ಷ್ಯ ಬೇಕು. ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯನೂ ಒಬ್ಬನೇ ಆಗಬೇಕಾಗಿಲ್ಲ. ನಾಲ್ಕನೆಯದು ಕಾಲಕ್ರಮ: ಎರಡನೆಯ ಕೃತ್ಯವು ಮೊದಲನೆಯ ದೋಷನಿರ್ಣಯದ ತರುವಾಯ ನಡೆದಿರಬೇಕು. ಎರಡು ಕಳವುಗಳೂ ಮೊದಲ ತೀರ್ಪಿಗೆ ಮುಂಚೆಯೇ ನಡೆದಿದ್ದರೆ ಈ ವಿಧಿಗೆ ಎಡೆಯಿಲ್ಲ. ಇವೆಲ್ಲವೂ ಸರಿಯಿದ್ದಾಗಲೂ ಹೆಚ್ಚಳವು ಕಡ್ಡಾಯವಲ್ಲ. ಶಿಕ್ಷೆಯು ಕೃತ್ಯದ ತೂಕಕ್ಕೆ ಮೀರಿದುದೆಂದು ವಾದಿಸಲು ಅವಕಾಶವುಂಟು.

ಸೆಷನ್ಸ್ ನ್ಯಾಯಾಲಯಕ್ಕೆ ಸಲ್ಲಿಸುವ ಮೇಲ್ಮನವಿಗೆ ೩೦ ದಿನಗಳ, ಉಚ್ಚ ನ್ಯಾಯಾಲಯಕ್ಕೆ ಸಾಮಾನ್ಯವಾಗಿ ೬೦ ದಿನಗಳ ಅವಧಿಯಿದೆ. ಸೆರೆಯಲ್ಲಿರುವವನು ಕಾರಾಗೃಹಾಧಿಕಾರಿಯ ಕೈಗೇ ಅರ್ಜಿಯನ್ನು ಕೊಡಬಹುದು. ಮೇಲಿನ ನ್ಯಾಯಾಲಯವು ದೋಷನಿರ್ಣಯವನ್ನು ಉಳಿಸಿಕೊಂಡು ಶಿಕ್ಷೆಯನ್ನಷ್ಟೇ ತಗ್ಗಿಸಬಲ್ಲದು. ಅಪರಾಧಿಯು ತಾನೇ ತಂದ ಆ ಮೇಲ್ಮನವಿಯಲ್ಲಿ ಅದನ್ನು ಹೆಚ್ಚಿಸಲಾರದು.

ಹಳೆಯ ಅಪರಾಧದ ಶಿಕ್ಷೆ ಹಳೆಯ ತೀರ್ಪಿನಲ್ಲೇ ವಿಧಿಸಲ್ಪಟ್ಟಿರುತ್ತದೆ. ಅದೇ ದಾಖಲೆಯ ಬಲದಿಂದ ಒಬ್ಬನ ಆಯುಷ್ಯದ ಹಲವು ವರ್ಷಗಳನ್ನು ಮತ್ತೆ ಕೇಳುವಾಗ, ಶಾಸನವು ಹೇಳಿದ ಕ್ರಮದಲ್ಲಿಯೇ ಕೇಳಬೇಕೆಂಬುದು ಕೇವಲ ತಾಂತ್ರಿಕ ಆಕ್ಷೇಪಣೆಯಲ್ಲ. ನ್ಯಾಯದ ತಿರುಳೇ ಅದು.