ಮಾಯಾಬಜಾರಿನ ಘಟೋತ್ಕಚ: ಕಾಡಿನ ಬಂಧುವಿನ ಕಥೆಯನ್ನು ಕುರಿತು ಒಂದು ವಿಚಾರ

ಮಹಾಭಾರತವನ್ನು ಓದಿ ಬಲ್ಲವರಿಗಿಂತ ಕೇಳಿ, ನೋಡಿ ಬಲ್ಲವರೇ ನಮ್ಮ ನಾಡಿನಲ್ಲಿ ಹೆಚ್ಚು. ಘಟೋತ್ಕಚನ ಪರಿಚಯವು ಬಹುಮಂದಿಗೆ ಆದುದು ಗ್ರಂಥದಿಂದಲ್ಲ. ಬಯಲಾಟದ ಅಟ್ಟದಿಂದ, ತೊಗಲುಗೊಂಬೆಯ ಪರದೆಯಿಂದ, ತರುವಾಯ ಚಲನಚಿತ್ರದಿಂದ. ೧೯೫೭ರಲ್ಲಿ ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ಹೊರಬಂದ ‘ಮಾಯಾಬಜಾರ್’ ಚಿತ್ರವನ್ನು ಕನ್ನಡಿಗರೂ ಮನೆಮಂದಿಯೊಡನೆ ನೋಡಿ ನಕ್ಕು ನಲಿದಿದ್ದಾರೆ. ಶಶಿರೇಖೆಯ ವಿವಾಹವು ಭಾರತದ ಯಾವ ಪರ್ವದಲ್ಲಿ ಬರುತ್ತದೆಂದು ತರಗತಿಯಲ್ಲಿ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ‘ಯಾವ ಪರ್ವದಲ್ಲಿಯೂ ಇಲ್ಲ’ ಎಂದು ಹೇಳಿ ಮುಂದಕ್ಕೆ ಸಾಗಬಹುದು. ಆದರೆ ಇಲ್ಲದ ಕಥೆಯನ್ನು ಜನರು ಏಕೆ ಕಟ್ಟಿಕೊಂಡರೆಂಬ ಪ್ರಶ್ನೆಯು ಆಗಲೂ ಉಳಿಯುತ್ತದೆ. ಅದನ್ನು ಇಲ್ಲಿ ಸ್ವಲ್ಪಮಟ್ಟಿಗೆ ಪರಿಶೀಲಿಸೋಣ.

೧. ಚಿತ್ರದ ಕಥೆ

ಈ ಚಿತ್ರವನ್ನು ವಿಜಯಾ ಸಂಸ್ಥೆಗಾಗಿ ನಿರ್ದೇಶಿಸಿದವರು ಕೆ. ವಿ. ರೆಡ್ಡಿಯವರು, ನಿರ್ಮಾಪಕರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು. ಛಾಯಾಗ್ರಹಣವು ಮಾರ್ಕಸ್ ಬಾರ್ಟ್ಲೆಯವರದು. ಘಟೋತ್ಕಚನ ಪಾತ್ರವನ್ನು ಎಸ್. ವಿ. ರಂಗರಾಯರು ವಹಿಸಿದರು. ಕಥೆಯ ಸಾರವು ಹೀಗಿದೆ. ಬಲರಾಮನು ತನ್ನ ಮಗಳು ಶಶಿರೇಖೆಯನ್ನು ಸುಭದ್ರೆಯ ಮಗನಾದ ಅಭಿಮನ್ಯುವಿಗೆ ಕೊಡುವುದಾಗಿ ಮಾತು ಕೊಟ್ಟಿದ್ದನು. ಪಾಂಡವರು ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡೊಡನೆ ಆ ಮಾತು ಸಡಿಲವಾಯಿತು; ಸಿರಿವಂತನಾದ ದುರ್ಯೋಧನನ ಮಗ ಲಕ್ಷ್ಮಣಕುಮಾರನೇ ವರನೆಂದು ನಿಶ್ಚಯವಾಯಿತು. ಸುಭದ್ರೆಯೂ ಅಭಿಮನ್ಯುವೂ ದ್ವಾರಕೆಯನ್ನು ಬಿಟ್ಟು ಕಾಡಿನ ದಾರಿ ಹಿಡಿದರು. ಅಲ್ಲಿ ಘಟೋತ್ಕಚನು ಅವರನ್ನು ಶತ್ರುಗಳೆಂದು ಭ್ರಮಿಸಿ ಕಾದಾಡಿದನು. ಬಳಿಕ ತನ್ನ ಚಿಕ್ಕಮ್ಮನೂ ತಮ್ಮನೂ ಎಂದರಿತು ಕಾಲಿಗೆರಗಿದನು.

ಇಲ್ಲಿಂದ ಮುಂದೆ ಕಥೆಯು ಹಾಸ್ಯಕ್ಕೆ ತಿರುಗುತ್ತದೆ. ಮಲಗಿದ್ದ ಶಶಿರೇಖೆಯನ್ನು ಮಂಚಸಹಿತವಾಗಿ ಕಾಡಿಗೆ ಹೊತ್ತು ತಂದ ಘಟೋತ್ಕಚನು ತಾನೇ ಅವಳ ರೂಪವನ್ನು ತಾಳಿ ದ್ವಾರಕೆಯಲ್ಲಿ ನಿಲ್ಲುತ್ತಾನೆ. ಅವನ ಪರಿವಾರದವರು ಬೀಗರಿಗಾಗಿ ಮಾಯೆಯ ಪೇಟೆಯನ್ನು ನಿರ್ಮಿಸುತ್ತಾರೆ. ಮದುವೆಗೆ ಅಟ್ಟ ಅಡುಗೆಯನ್ನು ಘಟೋತ್ಕಚನು ಒಬ್ಬನೇ ತಿಂದು ತೇಗುತ್ತಾನೆ. ಅತ್ತ ಕೌರವರು ಬೆಪ್ಪಾಗುತ್ತಿರುವಾಗ ಇತ್ತ ಕಾಡಿನಲ್ಲಿ ನಿಜವಾದ ವಿವಾಹವು ನೆರವೇರುತ್ತದೆ. ಭಾರತದ ಕಥೆಯಾದರೂ ಪಂಚಪಾಂಡವರಲ್ಲಿ ಒಬ್ಬರೂ ಈ ಚಿತ್ರದಲ್ಲಿ ಕಾಣಿಸಿಕೊಳ್ಳುವುದಿಲ್ಲವೆಂಬುದು ಗಮನಾರ್ಹ. ತಂದೆಯಿಲ್ಲದ ಮನೆಗೆ ಆಸರೆಯಾಗಿ ನಿಲ್ಲುವವನು ಕಾಡಿನ ಅಣ್ಣನೇ.

೨. ಮೂಲದಲ್ಲಿ ಘಟೋತ್ಕಚ

ವ್ಯಾಸಭಾರತದಲ್ಲಿ ಅಭಿಮನ್ಯುವು ವಿರಾಟನ ಮಗಳಾದ ಉತ್ತರೆಯನ್ನು ವರಿಸುತ್ತಾನೆ. ಶಶಿರೇಖೆಯ ಹೆಸರೇ ಅಲ್ಲಿಲ್ಲ. ಘಟೋತ್ಕಚನ ವೃತ್ತಾಂತವು ಆದಿಪರ್ವದಲ್ಲಿ ಆರಂಭವಾಗುತ್ತದೆ. ಅರಗಿನ ಮನೆಯಿಂದ ಪಾರಾಗಿ ಬಂದ ಭೀಮನು ಹಿಡಿಂಬನನ್ನು ಕೊಂದು, ಅವನ ತಂಗಿಯಾದ ಹಿಡಿಂಬೆಯೊಡನೆ ಕೂಡುತ್ತಾನೆ. ಆದರೆ ಈ ದಾಂಪತ್ಯಕ್ಕೆ ಕಟ್ಟುಪಾಡುಗಳಿವೆ. ಭೀಮನು ಹಗಲು ಮಾತ್ರ ಅವಳೊಡನೆ ಇರತಕ್ಕದ್ದು. ಅದೂ ಮಗನು ಹುಟ್ಟುವವರೆಗೆ ಮಾತ್ರ. ತಲೆಯು ಗಡಿಗೆಯಂತೆ ಕೂದಲಿಲ್ಲದೆ ಇದ್ದುದರಿಂದ ಮಗನಿಗೆ ಘಟೋತ್ಕಚನೆಂಬ ಹೆಸರಾಯಿತು. ಕಾರ್ಯ ಒದಗಿದಾಗ ಬರುವೆನೆಂದು ಹೇಳಿ ಅವನು ಹೊರಟುಹೋದನು. ವನಪರ್ವದಲ್ಲಿ ಅವನು ಬಂದು ಬಳಲಿದ ದ್ರೌಪದಿಯನ್ನು ಹೊತ್ತು ನಡೆಯುತ್ತಾನೆ.

ಕಡೆಯ ಕರೆಯು ದ್ರೋಣಪರ್ವದಲ್ಲಿ ಬರುತ್ತದೆ. ಹದಿನಾಲ್ಕನೆಯ ದಿನದ ರಾತ್ರಿಯ ಯುದ್ಧದಲ್ಲಿ ಕರ್ಣನು, ಅರ್ಜುನನಿಗಾಗಿ ಕಾದಿರಿಸಿದ್ದ ಇಂದ್ರದತ್ತವಾದ ಶಕ್ತಿಯನ್ನು ಘಟೋತ್ಕಚನ ಮೇಲೆ ಪ್ರಯೋಗಿಸುತ್ತಾನೆ. ಪಾಂಡವರು ಕಣ್ಣೀರಿಡುತ್ತಿರಲು ಕೃಷ್ಣನು ಹರ್ಷದಿಂದ ಕುಣಿಯುತ್ತಾನೆ. ಅರ್ಜುನನು ಕಾರಣವನ್ನು ಕೇಳಿದಾಗ ಶಕ್ತಿಯು ವ್ಯಯವಾದುದನ್ನು ತಿಳಿಸುವುದಲ್ಲದೆ, ಕರ್ಣನು ಕೊಲ್ಲದಿದ್ದರೆ ತಾನೇ ಇವನನ್ನು ಕೊಲ್ಲಬೇಕಾಗುತ್ತಿತ್ತು, ಇವನು ಬ್ರಾಹ್ಮಣರನ್ನೂ ಯಜ್ಞಗಳನ್ನೂ ದ್ವೇಷಿಸುವವನು ಎಂದೂ ಹೇಳುತ್ತಾನೆ. ಕರೆದಾಗಲೆಲ್ಲ ಬಂದು ದುಡಿದ ಬಂಧುವಿನ ವಿಷಯದಲ್ಲಿ ಗ್ರಂಥವು ಆಡುವ ಕಡೆಯ ಮಾತುಗಳಲ್ಲಿ ಇದೂ ಒಂದು. ಈ ಮಾತನ್ನು ಓದಿದ ಮೇಲೆ ಮಾಯಾಬಜಾರಿನ ನಗುವಿನ ಅರ್ಥವು ನಮಗೆ ಬೇರೆಯಾಗಿ ತೋರುತ್ತದೆ. ಗ್ರಂಥದಲ್ಲಿ ಕಾಡಿನವನು ಬಲಿಯಾಗುತ್ತಾನೆ. ಜನರ ಕಥೆಯಲ್ಲಿ ಅವನು ಮದುವೆಯ ಯಜಮಾನನಾಗುತ್ತಾನೆ.

೩. ಕಥೆಯ ಹರವು

ಚಿತ್ರವು ಈ ಕಥೆಯನ್ನು ಹೊಸದಾಗಿ ಸೃಷ್ಟಿಸಿದುದಲ್ಲ. ಚಿತ್ರಕ್ಕಿಂತ ಮುಂಚೆಯೇ ಇದು ನಾಟಕವಾಗಿ ಆಂಧ್ರದಲ್ಲಿಯೂ, ‘ವತ್ಸಲಾಹರಣ’ವಾಗಿ ಮಹಾರಾಷ್ಟ್ರದಲ್ಲಿಯೂ ಪ್ರಸಿದ್ಧವಾಗಿತ್ತು. ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಬಲರಾಮನ ಮಗಳು ಕನಕಾಂಗಿ; ಪ್ರಸಂಗದ ಹೆಸರು ‘ಕನಕಾಂಗಿ ಕಲ್ಯಾಣ’. ಹುಡುಗಿಯ ಹೆಸರು ಸೀಮೆಯಿಂದ ಸೀಮೆಗೆ ಬದಲಾದರೂ ಘಟೋತ್ಕಚನ ಹೆಸರಾಗಲಿ ಅವನ ಕಾರ್ಯವಾಗಲಿ ಬದಲಾಗಿಲ್ಲ. ಕಥೆಯ ತಿರುಳು ಎಲ್ಲಿದೆಯೆಂಬುದು ಇದರಿಂದಲೇ ವಿದಿತವಾಗುತ್ತದೆ.

ಇದಕ್ಕಿಂತ ಪ್ರಾಚೀನವಾದ ನಿದರ್ಶನವು ಕಡಲಾಚೆ ದೊರೆಯುತ್ತದೆ. ಜಾವಾ ದ್ವೀಪದ ಕೆಡಿರಿ ರಾಜ್ಯದಲ್ಲಿ ೧೨ನೆಯ ಶತಮಾನದಲ್ಲಿದ್ದ ಪನುಲುಃ ಎಂಬ ಕವಿಯು ‘ಘಟೋತ್ಕಚಾಶ್ರಯ’ವೆಂಬ ಕಾವ್ಯವನ್ನು ರಚಿಸಿದನು. ಅಲ್ಲಿ ಅಭಿಮನ್ಯುವು ವರಿಸುವುದು ಕೃಷ್ಣನ ಮಗಳು ಕ್ಷಿತಿಸುಂದರಿಯನ್ನು. ಅವನಿಗೆ ನೆರವಾಗುವವನು ಘಟೋತ್ಕಚನು. ಜಾವಾದಿಂದ ಇಲ್ಲಿಗೆ ಅಥವಾ ಇಲ್ಲಿಂದ ಜಾವಾಕ್ಕೆ ಕಥೆಯು ಹೀಗೆಯೇ ಸಾಗಿತೆಂದು ನಾವು ಹೇಳಹೊರಟಿಲ್ಲ. ವ್ಯಾಸರಲ್ಲಿ ಇಲ್ಲದ ಕಥೆಯೆಲ್ಲವೂ ಇತ್ತೀಚಿನದೆಂದು ಭಾವಿಸಬಾರದೆಂಬುದಕ್ಕೆ ಇಷ್ಟು ಸಾಕು.

ಹಿಡಿಂಬೆಗೂ ಹೀಗೆಯೇ ಮನ್ನಣೆ ದೊರೆತಿದೆ. ಹಿಮಾಚಲದ ಮನಾಲಿಯಲ್ಲಿ ೧೫೫೩ರಲ್ಲಿ ಕಟ್ಟಿದ ಮರದ ಗುಡಿಯಲ್ಲಿ ಅವಳು ದೇವಿಯಾಗಿದ್ದಾಳೆ. ಅಸ್ಸಾಮಿನ ಕಛಾರಿ ಅರಸರು ತಾವು ಘಟೋತ್ಕಚನ ವಂಶದವರೆಂದೂ ಹಿಡಿಂಬಾ ದೇಶದ ಒಡೆಯರೆಂದೂ ಹೇಳಿಕೊಂಡರು. ಗ್ರಂಥವು ಹೊರಗಿಟ್ಟವಳನ್ನು ಒಂದು ರಾಜವಂಶವು ಮೂಲಮಾತೆಯೆಂದು ಒಪ್ಪಿಕೊಂಡಿತು.

೪. ನಮ್ಮ ಸೀಮೆ

ದೂರದ ಮಾತು ಹಾಗಿರಲಿ. ಬಸವಾಪಟ್ಟಣದಿಂದ ಮೂಡಲಿಗೆ ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿಯಿದೆ. ಹಿಡಿಂಬನ ಹಲ್ಲೆಂದು ಹೇಳುವ ದೊಡ್ಡದೊಂದು ಮೂಳೆಯ ತುಂಡೂ, ಭೀಮನ ಭೇರಿಯೆಂದು ಹೇಳುವ ಕಬ್ಬಿಣದ ಉರುಳೆಯೂ ಅಲ್ಲಿಯವು. ಕೊಂದವನ ಭೇರಿಯನ್ನೂ ಕೊಲೆಯಾದವನ ಹಲ್ಲನ್ನೂ ಒಂದೇ ಗುಡಿಯಲ್ಲಿ ಇರಿಸಿಕೊಂಡ ಜನರ ಮನೋಧರ್ಮವು ವಿಚಾರಾರ್ಹವಾದುದು. ಅಲ್ಲದೆ ಗುಡಿಯ ಹೆಸರು ಭೀಮನದಲ್ಲ, ಹಿಡಿಂಬನದು.

ನಮ್ಮ ಸೀಮೆಯ ಇತಿಹಾಸವೂ ಕಾಡಿಗೂ ನಾಡಿಗೂ ನಡುವೆ ಬೆಳೆದುದು. ಬಸವಾಪಟ್ಟಣವು, ಮುಂದೆ ತರೀಕೆರೆಯಲ್ಲಿ ನೆಲಸಿದ ಪಾಳೆಯಗಾರರಿಗೆ ಮೊದಲಿನ ನೆಲೆಗಳಲ್ಲಿ ಒಂದು. ೧೭೭೯ರಲ್ಲಿ ಹೈದರಾಲಿಯು ವಶಪಡಿಸಿಕೊಳ್ಳುವವರೆಗೆ ಚಿತ್ರದುರ್ಗವನ್ನು ಆಳಿದ ನಾಯಕರು ಬೇಡ ಮನೆತನದವರು. ಕಾಡನ್ನು ಬಲ್ಲವರೇ ಇಲ್ಲಿ ಕೋಟೆಯನ್ನು ಕಟ್ಟಿದರು, ಕೆರೆಗಳನ್ನು ತೋಡಿಸಿದರು, ಗುಡಿಗಳಿಗೆ ದತ್ತಿ ಬಿಟ್ಟರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಪುರಾಣದ ರಾಕ್ಷಸರೆಂದರೆ ಇಂತಹ ಜನಾಂಗದವರೇ ಎಂದು ಬೆರಳಿಟ್ಟು ತೋರಿಸುವ ಬರಹಗಳು ಹಿಂದೆ ಬಂದಿವೆ. ಅದು ಪ್ರಮಾಣವಿಲ್ಲದ ಮಾತು. ತರಗತಿಯಲ್ಲಿ ಕುಳಿತ ಮಕ್ಕಳಿಗೆ ನೋವುಂಟುಮಾಡುವ ಮಾತೂ ಹೌದು. ರಾಕ್ಷಸನೆಂಬುದು ಒಂದು ಕುಲದ ಹೆಸರಲ್ಲ. ನಾಡಿನವನು ತನ್ನ ಎಲ್ಲೆಯ ಆಚೆಗೆ ಇರುವವನಿಗೆ ಇಟ್ಟ ಹೆಸರು. ಆದುದರಿಂದ ಈ ಕಥೆಗಳಿಂದ ನಾವು ಅರಿಯಬಹುದಾದುದು ಕಾಡಿನವರು ಎಂತಹವರೆಂಬುದನ್ನಲ್ಲ. ನಾಡಿನವರು ಅವರನ್ನು ಹೇಗೆ ಕಂಡರೆಂಬುದನ್ನು.

ಈ ದೃಷ್ಟಿಯಿಂದ ನೋಡಿದರೆ ಮಾಯಾಬಜಾರಿನ ಹಾಸ್ಯವು ಪೊಳ್ಳಲ್ಲ. ಕುಣಿದ ಕೃಷ್ಣನೇ ಇಲ್ಲಿ ಘಟೋತ್ಕಚನೊಡನೆ ಸೇರಿ ಮದುವೆಯ ತಂತ್ರವನ್ನು ಹೂಡುತ್ತಾನೆ. ಮಾತು ತಪ್ಪಿದವರು ಅರಮನೆಯವರು. ಮಾತು ಉಳಿಸಿದವನು ಕಾಡಿನವನು. ಹಾಗೆಂದು ಜನರ ಕಥೆಯು ಎಲ್ಲವನ್ನೂ ಸರಿಪಡಿಸಿತೆಂದು ಹೇಳಲಾಗದು. ಇಲ್ಲಿಯೂ ಘಟೋತ್ಕಚನು ಇತರರ ಮದುವೆಗೆ ದುಡಿಯುವವನೇ. ಚಿತ್ರದ ನಗುವಿನ ಆಚೆಗೆ ಕುರುಕ್ಷೇತ್ರವು ಕಾದೇ ಇದೆ.

ಶಶಿರೇಖೆಯ ವಿವಾಹ ಯಾವ ಪರ್ವದಲ್ಲಿದೆಯೆಂದು ಕೇಳುವ ವಿದ್ಯಾರ್ಥಿಗೆ ನಾವು ಈಗ ಎರಡು ಕೆಲಸಗಳನ್ನು ಹೇಳುತ್ತೇವೆ. ಚಿತ್ರವನ್ನು ಇನ್ನೊಮ್ಮೆ ನೋಡು. ಅನಂತರ ದ್ರೋಣಪರ್ವದಲ್ಲಿ ಘಟೋತ್ಕಚನ ವಧೆಯನ್ನು ಓದು. ಇವೆರಡರ ನಡುವಣ ಅಂತರದಲ್ಲಿ ನಮ್ಮ ಜನರು ತಮ್ಮ ಕಾಡಿನ ಬಂಧುವಿಗೆ ಕೊಡಲಾರದೆ ಹೋದುದೂ, ಕೊಡಬಯಸಿದುದೂ ಎರಡೂ ಕಾಣುತ್ತವೆ.